ಹಿಂದಿನ ವಿಳಾಸ: ಹಡಗು

ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದರಲ್ಲಿ ನನ್ನದು ಚೆಕಿಂಗ್ ಕೆಲಸ. ಅಂದರೆ, ನಲವತ್ತು ಜನ ಬೆನ್ನು ಬಗ್ಗಿಸಿ ಹೊಲಿದದ್ದನ್ನು ನಾನು ಬೆನ್ನು ನೆಟ್ಟಗಿಟ್ಟುಕೊಂಡು ನೋಡಿ, ಇಲ್ಲಿ ದಾರ ಬಿಟ್ಟಿದೆ, ಅಲ್ಲಿ ಹೊಲಿಗೆ ಹಾರಿದೆ ಎಂದು ಕೆಂಪು ಸ್ಟಿಕ್ಕರ್ ಅಂಟಿಸಬೇಕು. ಸೂಜಿಗೆ ದಾರ ಪೋಣಿಸಲು ನನಗೆ ಬರುವುದಿಲ್ಲ. ತಪ್ಪು ಹುಡುಕುವವನಿಗೆ ಅದು ಬರಲೇಬೇಕೆಂಬ ನಿಯಮವೂ ಇಲ್ಲ. ಮನೆಯಲ್ಲಿ ನನ್ನ ಅಮ್ಮ ಇದೇ ಕೆಲಸವನ್ನು ಇಪ್ಪತ್ತಾರು ವರ್ಷಗಳಿಂದ ಸಂಬಳವಿಲ್ಲದೆ ಮಾಡುತ್ತಿದ್ದಾಳೆ. ನಾನು ಅದನ್ನೇ ನೋಡಿ ಕಲಿತವನು.

ಇಂಥ ನನಗೆ ಎರಡು ವರ್ಷಗಳಲ್ಲಿ ಒಂದೇ ಒಂದು ಸ್ಟಿಕ್ಕರ್ ಅಂಟಿಸಲೂ ಅವಕಾಶ ಕೊಡದ ಮನುಷ್ಯನೆಂದರೆ ಕಾಜಾ ಅಣ್ಣ.

ಗುಂಡಿ ತೂರಿಸುವ ಸೀಳಿಗೆ ನಮ್ಮಲ್ಲಿ ಕಾಜಾ ಅನ್ನುತ್ತಾರೆ. ಕಾಜಾ ಕತ್ತರಿಸಿ ಅಂಚು ಕಟ್ಟುವುದು, ಅದರ ಎದುರಿಗೆ ಗುಂಡಿ ಹೊಲಿಯುವುದು ಅವನ ಕೆಲಸ. ಅದಕ್ಕೆಂದೇ ಮೆಷಿನ್ ಇದೆ. ಆದರೆ ಕಾವಲುಗಾರರ ಕೋಟಿನ ದಪ್ಪ ಬಟ್ಟೆಗೆ ಕೈಹೊಲಿಗೆಯೇ ಆಗಬೇಕು. ಕಾರ್ಖಾನೆಯ ಕೊನೆಯ ಮೇಜು, ಕಿಟಕಿಯ ಪಕ್ಕ, ಅವನ ಜಾಗ. ನಾಲ್ಕು ತೂತಿನ ಗುಂಡಿಯಲ್ಲಿ ದಾರವನ್ನು ಅಡ್ಡಡ್ಡ ಹಾಯಿಸಿ, ಆಮೇಲೆ ಗುಂಡಿಯನ್ನು ಸ್ವಲ್ಪ ಎತ್ತಿ, ಬಟ್ಟೆಗೂ ಗುಂಡಿಗೂ ನಡುವೆ ದಾರ ಸುತ್ತುತ್ತಾನೆ. ಬೇರೆಯವರು ಎರಡು ಸುತ್ತು ಸುತ್ತುವ ಕಡೆ ಅವನು ಐದು ಸುತ್ತುತ್ತಾನೆ. ಕೊನೆಗೆ ಗಂಟು ಹಾಕಿ, ಗುಂಡಿಯನ್ನು ಹಿಡಿದು, ಹಲ್ಲು ಕೀಳುವ ಡಾಕ್ಟರನ ಹಾಗೆ ಒಂದು ಸಲ ಜೋರಾಗಿ ಎಳೆದು ನೋಡುತ್ತಾನೆ. ಬರಲಿಲ್ಲ ಅಂದ ಮೇಲೇ ಮುಂದಿನ ಕೋಟು.

ಐವತ್ತನಾಲ್ಕು ವಯಸ್ಸು, ತೆಳ್ಳಗಿನ ಮೈ, ಮೂಗಿನ ತುದಿಗೆ ಜಾರಿದ ಕನ್ನಡಕ. ಅವನು ಒಂಬತ್ತು ವರ್ಷ ಜೈಲಿನಲ್ಲಿದ್ದು ಬಂದವನು ಎಂಬುದು ನಮಗೆಲ್ಲ ಗೊತ್ತಿತ್ತು, ಯಾಕೆಂದರೆ ಕೆಲಸ ಕೇಳಲು ಬಂದ ದಿನ ಅವನೇ ಮಾಲೀಕರ ಮೇಜಿನ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದ. ಬಾಡಿಗೆ ಮನೆಯ ಮೆಟ್ಟಿಲಲ್ಲಿ ನೀರಿನ ಮೋಟಾರಿನ ವಿಷಯಕ್ಕೆ ಮೇಲಿನ ಮನೆಯವನ ಜೊತೆ ಜಗಳ. ಮಾತಿಗೆ ಮಾತು ಬೆಳೆದು ಇವನು ತಳ್ಳಿದ. ಅವನು ಉರುಳಿ ಬಿದ್ದವನು ಏಳಲಿಲ್ಲ. “ಒಂದೇ ಸಲ ತಳ್ಳಿದ್ದು,” ಎಂದು ಯಾರಾದರೂ ಸಮಾಧಾನ ಹೇಳಹೋದರೆ ಅವನಿಗೆ ಹಿಡಿಸುತ್ತಿರಲಿಲ್ಲ. “ಸತ್ತಿದ್ದು ಅವನು. ನಾನು ಬರೀ ಒಳಗೆ ಹೋದೆ,” ಅನ್ನುತ್ತಿದ್ದ.

ಚುನಾವಣೆ ಘೋಷಣೆಯಾದ ವಾರ. ಚಹಾದ ಹೊತ್ತಿನಲ್ಲಿ ಧ್ವನಿವರ್ಧಕ ಕಟ್ಟಿಕೊಂಡ ಗಾಡಿಯೊಂದು ನಮ್ಮ ಬೀದಿಯಲ್ಲಿ ಹಾದು, ನಿಮ್ಮ ಅಮೂಲ್ಯ ಮತ, ನಿಮ್ಮ ಅಮೂಲ್ಯ ಮತ ಎಂದು ಕಿರುಚಿಕೊಂಡು ಹೋಯಿತು. ನನ್ನ ಅಮೂಲ್ಯ ಮತದ ಬಗ್ಗೆ ನನಗೆ ಖಚಿತ ಯೋಜನೆ ಇತ್ತು: ಮತದಾನದ ದಿನ ಸಂಬಳ ಸಹಿತ ರಜೆ, ಹನ್ನೊಂದರವರೆಗೆ ನಿದ್ದೆ. ಹದಿನೆಂಟು ತುಂಬಿದ ಮೇಲೆ ಬಂದ ಎರಡು ಚುನಾವಣೆಗಳನ್ನೂ ನಾನು ಹಾಗೇ ಆಚರಿಸಿದ್ದೆ.

“ಕಾಜಾ ಅಣ್ಣ, ಜೈಲಲ್ಲೂ ಓಟು ಹಾಕಿಸ್ತಾರಾ?” ಎಂದು ಕೇಳಿದವಳು ಓವರ್‌ಲಾಕ್ ಅಕ್ಕ. ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮೆಷಿನ್ ಅವಳದು. ಆ ಮೆಷಿನ್ನಿಗೂ ಅವಳ ಬಾಯಿಗೂ ಒಂದೇ ವೇಗ.

“ಎಲ್ಲಿ ಹಾಕಿಸ್ತಾರೆ. ಒಳಗೆ ಹೋದ್ಮೇಲೆ ಇಲ್ಲ,” ಅಂದ ಕಾಜಾ ಅಣ್ಣ.

“ಸರಿಯಾಗೇ ಇದೆ,” ಎಂದು ಕಟಿಂಗ್ ಮಾಸ್ಟರ್ ಲೋಟ ಕೆಳಗಿಟ್ಟ. ಒಂದೇ ಸಲಕ್ಕೆ ಐವತ್ತು ಪದರ ಬಟ್ಟೆ ಕತ್ತರಿಸುವ ಮನುಷ್ಯ, ಮಾತೂ ಹಾಗೇ. “ಕಾನೂನು ಮುರಿದೋರು ಕಾನೂನು ಮಾಡೋರನ್ನ ಆರಿಸ್ಬೇಕಾ?”

“ಅಯ್ಯೋ ಮಾಸ್ಟ್ರೇ, ಮುರಿದೋರು ಓಟು ಕೇಳ್ಕೊಂಡು ಮನೆಮನೆಗೆ ಬರ್ತಾರೆ, ಅದಕ್ಕೆ ನೀವು ಬಾಗ್ಲು ತೆಗೀತೀರಿ. ಒಳಗಿರೋನು ಹಾಕಿದ್ರೆ ಮಾತ್ರ ಆಕಾಶ ಬೀಳತ್ತಾ?”

“ತಮಾಷೆ ಅಲ್ಲಮ್ಮ. ನನ್ನ ತಮ್ಮನ ಕೈ ಮುರಿದೋನು ಒಳಗಿದಾನೆ. ಇವತ್ತಿಗೂ ನನ್ನ ತಮ್ಮ ಆ ಕೈಯಲ್ಲಿ ಲೋಟ ಎತ್ತಲ್ಲ. ಅವನ ಓಟೂ ನನ್ನ ತಮ್ಮನ ಓಟೂ ಒಂದೇ ಡಬ್ಬಿಗೆ ಬೀಳ್ಬೇಕು ಅಂತೀಯಾ?”

ಎಲ್ಲರೂ ಕಾಜಾ ಅಣ್ಣನ ಮುಖ ನೋಡಿದರು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ.

“ಆ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ ಮಾಸ್ಟ್ರೇ. ಮೆಟ್ಟಿಲಿಂದ ಬಿದ್ದೋನ ಓಟು ನಾನೇ ಕಿತ್ಕೊಂಡೆ. ಅದು ಯಾವ ಡಬ್ಬೀಲೂ ಬೀಳಲ್ಲ ಇನ್ನು. ಆದ್ರೆ ಒಂದು ಹೇಳ್ಲಾ? ನನ್ನ ಪಕ್ಕದ ಹಾಸಿಗೆಯವನು ನಾಲ್ಕು ವರ್ಷ ಬರೀ ವಿಚಾರಣೆಗೆ ಕಾಯ್ತಾ ಇದ್ದ. ಕೊನೆಗೆ ಕೋರ್ಟು, ನಿಂದು ತಪ್ಪೇ ಇಲ್ಲ ಹೋಗಪ್ಪ, ಅಂತು. ಅಷ್ಟ್ರಲ್ಲಿ ಒಂದು ಚುನಾವಣೆ ಮುಗ್ದೇ ಹೋಗಿತ್ತು. ಅವನ ಓಟು ಯಾವ ಲೆಕ್ಕಕ್ಕೆ? ಇನ್ನು ನನ್ನಂಥೋರು. ಹೊರಗೆ ಹೋಗ್ಬೇಡ ಅನ್ನೋದು ಶಿಕ್ಷೆ, ಒಪ್ಕೊಂಡೆ. ಹೊರಗಿನ ಬಗ್ಗೆ ಯೋಚ್ನೇನೂ ಮಾಡ್ಬೇಡ ಅನ್ನೋದೂ ಶಿಕ್ಷೇನಾ? ಒಂದಿನ ಹೊರಗೆ ಬಿಡೋರು ತಾನೇ ನಮ್ಮನ್ನ? ಅಭ್ಯಾಸ ತಪ್ಪಿದೋನು ಬಂದು ಏನು ಮಾಡ್ತಾನೆ?”

ಅಷ್ಟು ಉದ್ದ ಮಾತಾಡಿದ್ದಕ್ಕೆ ಅವನಿಗೇ ನಾಚಿಕೆಯಾಯಿತೋ ಏನೋ, ಕನ್ನಡಕ ಹಾಕಿಕೊಂಡು ನಕ್ಕ. “ನಮ್ಮಲ್ಲೂ ಚುನಾವಣೆ ಇತ್ತು ಬಿಡಿ. ನಾನೇ ಚುನಾವಣಾಧಿಕಾರಿ.”

ಅವನು ಹೇಳಿದ ಕಥೆ ಇದು. ಅವನಿದ್ದ ಬ್ಯಾರಕ್ಕಿನಲ್ಲಿ ಅರವತ್ತೊಂದು ಜನ. ಮೂರು ತಿಂಗಳಿಗೊಮ್ಮೆ ಅವರು ತಮ್ಮಲ್ಲೊಬ್ಬನನ್ನು ಆರಿಸಿ ಅಡುಗೆಮನೆಗೆ ಕಳಿಸಬಹುದಿತ್ತು. ಹಿಟ್ಟು, ಬೇಳೆ, ಎಣ್ಣೆ ಸರಿಯಾಗಿ ತೂಗುತ್ತಾರೋ ಇಲ್ಲವೋ ಎಂದು ನಿಂತು ನೋಡುವುದು ಅವನ ಕೆಲಸ. ಪುಟ್ಟ ಅಧಿಕಾರವೇ. ಆದರೆ ತಟ್ಟೆಗೆ ಬೀಳುವುದು ಅದರ ಮೇಲೇ ನಿಂತಿತ್ತು. ಕೈ ಎತ್ತಿ ಆರಿಸಿದರೆ ಆಮೇಲೆ ಹೊಡೆದಾಟ. ಆದ್ದರಿಂದ ಹೊಲಿಗೆ ವಿಭಾಗದಲ್ಲಿದ್ದ ಕಾಜಾ ಅಣ್ಣ ಉಪಾಯ ಮಾಡಿದ. ಪ್ರತಿಯೊಬ್ಬನಿಗೂ ಒಂದು ಬಿಳಿ ಗುಂಡಿ, ಒಂದು ಕಪ್ಪು ಗುಂಡಿ. ಆ ಸಲ ನಿಂತವರಲ್ಲಿ ‘ಡ್ರೈವರ್’ಗೆ ಬಿಳಿ, ‘ಮೇಷ್ಟ್ರು’ಗೆ ಕಪ್ಪು. ಮುಷ್ಟಿ ಬಿಗಿಹಿಡಿದು ಬಂದು, ಬೇಕಾದ್ದನ್ನು ಡಬ್ಬಿಗೆ ಹಾಕಿ, ಬೇಡವಾದದ್ದನ್ನು ಪಕ್ಕದ ಚೀಲಕ್ಕೆ ಹಾಕಿ ಹೋಗಬೇಕು. ಅಧಿಕಾರಿಯಾದವನು ಯಾರ ಕಡೆಗೂ ವಾಲಬಾರದೆಂದು ಅವನು ಮಾತ್ರ ಹಾಕುತ್ತಿರಲಿಲ್ಲ. ಉಳಿದವರು ಅರವತ್ತು.

“ಎಣಿಸಿದ್ರೆ ಬಿಳಿ ಮೂವತ್ತೊಂದು, ಕಪ್ಪು ಮೂವತ್ತು. ಡ್ರೈವರ್ ಕಡೆಯೋರು ಅವನನ್ನ ಎತ್ಕೊಂಡು ಕುಣಿದೇಬಿಟ್ರು. ನಾನು ಕೂಡಿಸಿ ನೋಡ್ತೀನಿ, ಅರವತ್ತೊಂದು! ಚೀಲದಲ್ಲಿ ಸರಿಯಾಗಿ ಅರವತ್ತಿದೆ. ಡಬ್ಬೀಲಿ ಒಂದು ಜಾಸ್ತಿ.”

“ಕಳ್ಳ ಓಟು!” ಅಂದ ಕಟಿಂಗ್ ಮಾಸ್ಟರ್, ಗೆದ್ದವನ ಹಾಗೆ. “ನಾನ್ ಹೇಳ್ಲಿಲ್ವಾ? ಜೈಲಲ್ಲಿ ಇನ್ನೇನಾಗತ್ತೆ?”

“ಅಲ್ಲೂ ಹಂಗೇ ಕೂಗಿದ್ರು. ಒಬ್ಬರ ಮೇಲೊಬ್ಬರು ಬೀಳೋ ಹಂಗಾಯ್ತು. ನಾನು ಒಂದೊಂದೇ ಗುಂಡಿ ಬೆಳಕಿಗೆ ಹಿಡಿದು ನೋಡ್ತಾ ಬಂದೆ. ಒಂದು ಬಿಳಿ ಗುಂಡೀಲಿ ಮಾತ್ರ ದಾರ ಸಿಕ್ಕೊಂಡಿದೆ. ಹೊಸ ಗುಂಡೀಲಿ ದಾರ ಎಲ್ಲಿಂದ ಬರತ್ತೆ? ಆಗ ಎದುರಿಗಿದ್ದವನು ನನ್ನ ಎದೆ ಕಡೆ ಬೆರಳು ಮಾಡಿದ. ನೋಡ್ಕೊಂಡ್ರೆ ನನ್ನ ಅಂಗೀಲಿ ಮೂರನೇ ಗುಂಡಿ ಇಲ್ಲ. ಡಬ್ಬಿ ಮೇಲೆ ಬಗ್ಗಿದಾಗ ಉದುರಿದೆ. ಊರಿಗೆಲ್ಲಾ ಗುಂಡಿ ಹೊಲಿಯೋನು, ಸ್ವಂತ ಅಂಗೀಗೆ ಎರಡೇ ಸುತ್ತು ಸುತ್ತಿ ಬಿಟ್ಟಿದ್ದೆ.”

ಚಹಾ ಕುಡಿಯುತ್ತಿದ್ದ ಓವರ್‌ಲಾಕ್ ಅಕ್ಕನ ಮೂಗಿಗೆ ಚಹಾ ಹತ್ತಿತು.

ಆ ಗುಂಡಿ ತೆಗೆದರೆ ಎರಡೂ ಕಡೆ ಮೂವತ್ತು, ಸಮ. ಬ್ಯಾರಕ್ಕಿನವರು, ಹೆಂಗೂ ಬಿದ್ದಿದೆ, ಅದು ನಿನ್ನ ಓಟು ಅಂತಲೇ ಹಿಡಿದು ಮುಗಿಸಿಬಿಡು ಅಂದರಂತೆ. ಇವನು ಒಪ್ಪಲಿಲ್ಲ. “ನಾನು ಹಾಕಿದ್ದಲ್ಲ, ಬಿದ್ದಿದ್ದು. ಬಿದ್ದಿದ್ದನ್ನ ಓಟು ಅಂತ ಹೆಂಗೆ ಹೇಳೋದು?” ಮರುದಿನ ಮತ್ತೆ ಚುನಾವಣೆ ಮಾಡಿಸಿದ. ಡ್ರೈವರ್ ಎರಡು ಗುಂಡಿಗಳಿಂದ ಸೋತ. ಆಮೇಲೆ ಒಂದು ತಿಂಗಳು ಕಾಜಾ ಅಣ್ಣನ ಜೊತೆ ಮಾತು ಬಿಟ್ಟ. ಐದು ಸುತ್ತಿನ ಮೂಲ ನನಗೆ ಅಂದು ತಿಳಿಯಿತು.

“ಅಂದ್ರೆ ಅಣ್ಣ, ನೀನು ಒಳಗೂ ಹಾಕಿಲ್ಲ, ಹೊರಗೂ ಹಾಕಿಲ್ಲ,” ಅಂದೆ. “ಒಳಗೆ ಹೋಗೋಕೆ ಮುಂಚೆ ಹಾಕ್ತಿದ್ದೆ ತಾನೇ?”

“ಎಲ್ಲಿ ತಮ್ಮಾ,” ಅಂದ. “ಆಗ ರಜಾ ಅಲ್ವಾ. ಮಲಗ್ತಿದ್ದೆ.”

ನಾನು ಲೋಟ ತೊಳೆಯಲು ಹೋದೆ.

ಅದಾದ ಕೆಲವು ದಿನಗಳಿಗೆ, ಊಟದ ಬಿಡುವಿನಲ್ಲಿ ಅವನು ಟಿಫನ್ ಚೀಲದಿಂದ ನಾಲ್ಕಾಗಿ ಮಡಚಿದ ಒಂದು ಹಾಳೆ ತೆಗೆದ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿ. ಮಡಿಕೆಗಳು ಸವೆದು ಬೆಳಕು ಕಾಣುವಷ್ಟಾಗಿದ್ದವು. ಎಷ್ಟು ದಿನದಿಂದ ಒಯ್ದು ತಂದಿದ್ದನೋ. ಹೆಸರು, ವಯಸ್ಸು, ಈಗಿನ ವಿಳಾಸ ಎಲ್ಲ ಗುಂಡುಗುಂಡಗೆ ಬರೆದಿತ್ತು. ‘ಹಿಂದಿನ ವಿಳಾಸ’ ಎಂಬ ಸಾಲು ಮಾತ್ರ ಖಾಲಿ.

“ಇಲ್ಲಿ ಏನು ಬರೀಲಿ ಹೇಳು.”

ಹೇಳುವುದಕ್ಕೇನೋ ಸುಲಭ. ಆದರೆ ಅವನಿದ್ದದ್ದು ತಂಗಿಯ ಮನೆಯಲ್ಲಿ. ಗಂಡ ತೀರಿಕೊಂಡ ಹೆಂಗಸು. ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಶಾಲೆಗೆ ಹೋಗುವ ಒಬ್ಬಳು ಮಗಳು. ಅಣ್ಣ ಜೈಲಿಗೆ ಹೋದ ವರ್ಷವೇ ಅವಳು ಆ ಹಳೆಯ ಬೀದಿ ಬಿಟ್ಟು ಬೇರೆ ಮನೆ ಹಿಡಿದಿದ್ದಳು. ಶಾಲೆಯಲ್ಲಿ ಮಗಳನ್ನು ಯಾರೂ ಆಡಿಕೊಳ್ಳಬಾರದೆಂದು, ಹೊಸ ಬೀದಿಯಲ್ಲಿ ಮೊದಲ ದಿನವೇ, “ಅಣ್ಣ ಹಡಗಿನಲ್ಲಿ ಕೆಲಸದಲ್ಲಿದಾನೆ” ಎಂದಿದ್ದಳು. ಒಂಬತ್ತು ವರ್ಷ ಹಡಗು ತೇಲಿತು. ಅಣ್ಣ ಬಂದಿಳಿದ ಮೇಲೆ ಕೆಳಮನೆಯ ಅಜ್ಜಿಗೆ ದಿನಾ ಸಮುದ್ರದ ಕಥೆ ಬೇಕು. ಕಾಜಾ ಅಣ್ಣ ಹುಟ್ಟಿದ ಮೇಲೆ ಸಮುದ್ರ ಕಂಡವನಲ್ಲ. ಸುಳ್ಳು ಹೇಳಲೂ ಬರುವುದಿಲ್ಲ. ಹಾಗಾಗಿ ಅಜ್ಜಿ ಕೇಳಿದ್ದಕ್ಕೆಲ್ಲ ಅವನು ಜೈಲಿನ ನಿಜವನ್ನೇ ಹೇಳುತ್ತಿದ್ದ.

“ಹಡಗಲ್ಲಿ ವಾಂತಿ ಬರಲ್ವೇನಪ್ಪ?”

“ಮೊದಲ ವರ್ಷ ಬರತ್ತಮ್ಮ. ಆಮೇಲೆ ಅಭ್ಯಾಸ ಆಗತ್ತೆ.”

“ಸುತ್ತ ಏನು ಕಾಣತ್ತೆ?”

“ಏನೂ ಕಾಣಲ್ಲ. ದಿನಾ ಒಂದೇ.”

ಇದನ್ನು ಅವನೇ ನಮಗೆ ಅಭಿನಯಿಸಿ ತೋರಿಸಿ ನಗಿಸಿದ್ದ. ಆದರೆ ಅರ್ಜಿಯ ಆ ಸಾಲಿನಲ್ಲಿ ಜೈಲಿನ ವಿಳಾಸ ಬರೆದರೆ, ವಿಚಾರಿಸಲು ಬರುವವರು ಬೀದಿಯಲ್ಲಿ ನಿಂತು ಕೇಳುತ್ತಾರೆ. ಬರೆಯದಿದ್ದರೆ ಅರ್ಜಿ ಸಾಗುವುದಿಲ್ಲ.

“ತಂಗೀನ ಕೇಳಿಬಿಡು.”

“ಹೆಂಗೆ ಕೇಳ್ಲಿ? ಒಂಬತ್ತು ವರ್ಷ ತಿಂಗಳಿಗೊಂದ್ಸಲ, ಎರಡು ಬಸ್ಸು ಬದಲಾಯಿಸಿ ನನ್ನ ನೋಡೋಕೆ ಬಂದೋಳು. ಅವಳು ನನ್ನ ಹತ್ರ ಏನೂ ಕೇಳ್ಲಿಲ್ಲ. ಈಗ ನಾನು ಹೋಗಿ, ನನಗೊಂದು ಓಟು ಹಾಕೋ ಆಸೆ ಆಗಿದೆ, ನಿನ್ನ ಮಾನ ಕೊಡು ಅನ್ಲಾ?” ಹಾಳೆಯನ್ನು ಮಡಚಿದ, ಮತ್ತೆ ಬಿಚ್ಚಿದ. “ಬಿಡೋಣ ಅಂದ್ರೂ ಆಗ್ತಿಲ್ಲ. ಬರುವಾಗ ಒಳಗಿನೋರು ಮೂರು ಜನ, ನಮ್ಮ ಪರವಾಗಿ ಒಂದು ಹಾಕು ಅಂದ್ರು. ಮೂವರೂ ಬೇರೆ ಬೇರೆಯವರ ಹೆಸರು ಹೇಳಿದ್ರು, ಆ ಮಾತು ಬೇರೆ.”

ಅರ್ಜಿ ಕೊಡಲು ಅಂದೇ ಕೊನೆಯ ದಿನ. ಅವನ ಮೇಜಿನ ಮೇಲೆ ಇನ್ನೂರು ಕೋಟುಗಳಿದ್ದವು. ಅರ್ಜಿ ತೆಗೆದುಕೊಳ್ಳುವ ಶಾಲೆ ನನ್ನ ಮನೆಯ ದಾರಿಯಲ್ಲೇ ಇತ್ತು.

“ನೀನೇ ಕೊಟ್ಟುಬಿಡು ತಮ್ಮಾ. ಖಾಲಿ ಇರೋದು ಖಾಲೀನೇ ಇರ್ಲಿ. ತಗೊಂಡ್ರೆ ತಗೊಳ್ಲಿ, ಇಲ್ಲಾಂದ್ರೆ ವಾಪಸ್ ತಗೊಂಡ್ ಬಾ.”

ಶಾಲೆಯ ವರಾಂಡದಲ್ಲಿ ನಲವತ್ತು ನಿಮಿಷ ಸಾಲಿನಲ್ಲಿ ನಿಂತೆ. ಗುಮಾಸ್ತ ಹಾಳೆಯ ಮೇಲೆ ಕಣ್ಣಾಡಿಸಿ, “ಖಾಲಿ ಬಿಟ್ರೆ ತಗೊಳಲ್ಲ. ತುಂಬಿ,” ಅಂದ. ನನ್ನ ಹಿಂದೆ ಹದಿನೈದು ಜನ. ಗೋಡೆ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ವಾಪಸ್ ತೆಗೆದುಕೊಂಡು ಬಾ ಅಂದಿದ್ದ ನಿಜ. ಆದರೆ ಇನ್ನೊಬ್ಬರ ಬದುಕನ್ನು ಅವರಿಗಿಂತ ಚೆನ್ನಾಗಿ ಚೆಕಿಂಗ್ ಮಾಡಬಲ್ಲೆ ಎಂಬ ಕಾಯಿಲೆ ನನಗೆ ಮೊದಲಿಂದಲೂ ಇದೆ. ಯಾರಿಗೂ ನೋವಾಗಬಾರದು, ತಂಗಿಯ ಮಾತೂ ಉಳಿಯಬೇಕು, ಅಣ್ಣನ ಓಟೂ ಸಿಗಬೇಕು ಎಂದು ಮಹಾ ಮೇಧಾವಿಯ ಹಾಗೆ ಯೋಚಿಸಿ, ಪೆನ್ನು ತೆಗೆದು ಆ ಸಾಲಿನಲ್ಲಿ ಬರೆದೆ: ಹಡಗು.

ಗುಮಾಸ್ತ ತಲೆಯನ್ನೂ ಎತ್ತದೆ ಠಸ್ಸೆ ಹೊಡೆದ.

“ಏನಾದ್ರೂ ಕೇಳಿದ್ರಾ?” ಎಂದು ಮರುದಿನ ಕಾಜಾ ಅಣ್ಣ ಕೇಳಿದ.

“ಏನೂ ಕೇಳ್ಲಿಲ್ಲ,” ಅಂದೆ. ಅದು ನಿಜವೇ, ಅರ್ಧ.

ಆ ಖುಷಿಗೆ ಅವನು ನನಗೊಂದು ಅಂಗಿ ಹೊಲಿದುಕೊಡಲು ಶುರುಮಾಡಿದ. ನನ್ನ ಅಂಗಿಯಲ್ಲಿ ಎರಡು ಗುಂಡಿ ಇರಲಿಲ್ಲ. ಚೆಕಿಂಗ್ ಕೆಲಸದವನಿಗೆ ಇದು ಅವಮಾನ ಅಂದ. ಅದಾದ ಮೂರನೇ ಭಾನುವಾರ ಬೆಳಗ್ಗೆ ಅಳತೆ ನೋಡಲು ತಂಗಿಯ ಮನೆಗೆ ಕರೆದ. ಮಹಡಿಯ ಮೇಲೆ ಎರಡು ಕೋಣೆ. ಮುಂದಿನ ಕೋಣೆಯಲ್ಲಿ ಅವನ ಮಡಚುವ ಮಂಚ, ಕಿಟಕಿಯ ಕೆಳಗೆ ಕಾಲಲ್ಲಿ ತುಳಿಯುವ ಮೆಷಿನ್, ಗೋಡೆಗೆ ಸೋದರ ಸೊಸೆಯ ಶಾಲೆಯ ವೇಳಾಪಟ್ಟಿ. ಆ ಹುಡುಗಿ ಒಳಗಿನ ಕೋಣೆಯಲ್ಲಿ ಓದುತ್ತಿದ್ದಳು. ತಂಗಿ ಕಾಫಿ ಇಡುತ್ತಿದ್ದಳು. ನಾನು ಒಂದೇ ತೋಳಿನ ಅಂಗಿ ತೊಟ್ಟು, ಕೈ ಚಾಚಿ ನಿಂತಿದ್ದೆ. ಕಾಜಾ ಅಣ್ಣ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಇನ್ನೊಂದು ತೋಳು ಕೂಡಿಸುತ್ತಿದ್ದ.

ಆಗ ಮೆಟ್ಟಿಲಲ್ಲಿ ಕೆಳಮನೆ ಅಜ್ಜಿಯ ದನಿ. “ಇಲ್ಲೇ ಟೀಚರ್, ಇಲ್ಲೇ. ನಮ್ಮ ಹಡಗಿನೋರ ಮನೆ.”

ಅಜ್ಜಿಯ ಹಿಂದೆ ಬಗಲಲ್ಲಿ ಫೈಲು ಹಿಡಿದ ಒಬ್ಬ ಟೀಚರ್. ಪಟ್ಟಿ ಪರಿಶೀಲನೆಗೆ ಬಂದವರು, ಬೆವೆತಿದ್ದರು. ಕುರ್ಚಿಯಲ್ಲಿ ಕೂತು ಹಾಳೆ ತೆಗೆದು ಕಾಜಾ ಅಣ್ಣನ ಹೆಸರು, ವಯಸ್ಸು ಓದಿ ಟಿಕ್ ಹಾಕಿದರು. ಆಮೇಲೆ ಹಾಳೆಯನ್ನು ಕಣ್ಣಿನ ಹತ್ತಿರ ತಂದರು.

“ಹಿಂದಿನ ವಿಳಾಸ, ಹಡಗು ಅಂತಿದೆ. ಯಾವ ಹಡಗು? ಹಡಗಿನ ಕೆಲಸದ ದಾಖಲೆ, ಪಾಸ್‌ಪೋರ್ಟ್ ಏನಾದ್ರೂ ಇದ್ರೆ ಒಂದ್ಸಲ ತೋರಿಸಿ.”

“ಇರತ್ತೆ, ಇರತ್ತೆ,” ಎಂದು ಅಜ್ಜಿ ತಾನೇ ಕಪ್ತಾನನ ಹಾಗೆ ಹೇಳಿದಳು. “ಒಂಬತ್ತು ವರ್ಷ ಸಮುದ್ರದ ಮೇಲಿದ್ದೋರು.”

ತಂಗಿ ಕಾಫಿಯ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತುಬಿಟ್ಟಳು. ಅವಳು ಅಣ್ಣನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು, ತನಗೋಸ್ಕರ ಅವನೇ ಹೀಗೆ ಬರೆದ ಅಂದುಕೊಂಡಳು. ಅಣ್ಣ ಹಾಳೆಯನ್ನು ನೋಡಿದ. ತನ್ನ ಗುಂಡು ಅಕ್ಷರಗಳ ನಡುವೆ ಕೋಳಿ ಕಾಲಿನಂಥ ಮೂರು ಅಕ್ಷರ. ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಮೆಷಿನ್ ಮೇಲಿಟ್ಟ. ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

“ನಾನು ಬರೆದಿದ್ದು,” ಅಂದೆ. ಇಡೀ ಜನ್ಮದಲ್ಲಿ ಅಷ್ಟು ಸಣ್ಣ ದನಿಯಲ್ಲಿ ನಾನು ಮಾತಾಡಿಲ್ಲ. “ಅವರಿಗೆ ಗೊತ್ತಿಲ್ಲ. ಖಾಲಿ ಇತ್ತು, ನಾನು…”

ಟೀಚರ್ ಒಂದು ತೋಳಿನ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀವ್ಯಾರು?”

ತೋಳಿಲ್ಲದ ಕೈಯನ್ನು ಬೆನ್ನ ಹಿಂದೆ ಸರಿಸಿಕೊಂಡೆ.

“ಹಡಗು ತಪ್ಪು ಟೀಚರ್,” ಅಂದ ಕಾಜಾ ಅಣ್ಣ. “ಹೊಡೆದು ಹಾಕಿ.”

“ಹಂಗಾದ್ರೆ ಸರಿಯಾದ ವಿಳಾಸ ಹೇಳಿ, ಬರ್ಕೊಳ್ತೀನಿ.”

ಅವನು ಬಾಯಿ ತೆರೆದ. ತಂಗಿಯ ಕಡೆ ನೋಡಿದ, ಅಜ್ಜಿಯ ಕಡೆ ನೋಡಿದ, ಒಳಗೆ ಓದುತ್ತಿದ್ದವಳ ದನಿ ನಿಂತಿದ್ದನ್ನು ಕೇಳಿಸಿಕೊಂಡ. ಮಾಲೀಕರ ಮುಂದೆ ನಲವತ್ತು ಜನ ಕೇಳುವ ಹಾಗೆ ಹೇಳಿದವನಿಗೆ ಇಲ್ಲಿ ಹೇಳಲಾಗಲಿಲ್ಲ. ಇಲ್ಲಿ ಅದು ಅವನೊಬ್ಬನದಾಗಿರಲಿಲ್ಲ.

“ವಿಳಾಸ ಬೇಡ. ಅರ್ಜೀನೇ ಹೊಡೆದು ಹಾಕಿಬಿಡಿ.”

“ನೋಡಿ, ಇವತ್ತೇ ಪರಿಶೀಲನೆ ಕೊನೆ. ಈಗ ತಿರಸ್ಕಾರ ಅಂತ ಬರೆದ್ರೆ ಈ ಚುನಾವಣೆ ಹೋಯ್ತು. ಇನ್ನೈದು ವರ್ಷ ಕಾಯ್ಬೇಕು.”

“ಆಗ್ಲಿ. ಕಾದು ಅಭ್ಯಾಸ ಇದೆ.”

ಟೀಚರ್ ಕೆಂಪು ಪೆನ್ನಿನ ಮುಚ್ಚಳ ತೆಗೆದರು. ಜನರ ಕೆಲಸದ ಮೇಲೆ ದಿನಕ್ಕೆ ನೂರು ಕೆಂಪು ಸ್ಟಿಕ್ಕರ್ ಅಂಟಿಸುವ ನನಗೆ ಆ ಕೆಂಪು ನೋಡಲಾಗಲಿಲ್ಲ.

“ಟೀಚರ್, ತಾಳಿ.” ತಂಗಿ ಕಾಫಿ ತಟ್ಟೆಯನ್ನು ಮಂಚದ ಮೇಲಿಟ್ಟಳು. “ಬರ್ಕೊಳಿ. ಕೇಂದ್ರ ಕಾರಾಗೃಹ. ಆರನೇ ಬ್ಯಾರಕ್. ಒಂಬತ್ತು ವರ್ಷ ಕಾಗದ ಬರೆದಿದೀನಿ, ವಿಳಾಸ ನನಗೆ ಬಾಯಿಪಾಠ.”

“ಪುಟ್ಟೀ…” ಅಂದ ಅಣ್ಣ.

“ಸುಮ್ನಿರಣ್ಣ. ಹಡಗು ಹತ್ತಿಸಿದ್ದು ನಾನು, ಇಳಿಸೋದೂ ನಾನೇ.” ಕೆಳಮನೆ ಅಜ್ಜಿಯ ಕಡೆ ತಿರುಗಿದಳು. ಕಣ್ಣು ತುಂಬಿದ್ದರೂ ದನಿ ನೆಟ್ಟಗಿತ್ತು. “ಜಗಳದಲ್ಲಿ ಇವನ ಕೈಯಲ್ಲಿ ಒಬ್ಬರ ಜೀವ ಹೋಯ್ತು ಅಜ್ಜಿ. ಶಿಕ್ಷೆ ಮುಗಿಸ್ಕೊಂಡು ಬಂದಿದಾನೆ. ನಿಮಗೆ ಸುಳ್ಳು ಹೇಳಿದ್ದು ನಾನು, ಇವನಲ್ಲ.”

ಟೀಚರ್ ‘ಹಡಗು’ ಎಂಬುದನ್ನು ಕೆಂಪಿನಲ್ಲಿ ಹೊಡೆದು, ಮೇಲೆ ನೀಲಿಯಲ್ಲಿ ಬರೆದರು. ಬಿಡುಗಡೆಯ ಪತ್ರ ಕೇಳಿ ನೋಡಿದರು. ಟಿಕ್ ಹಾಕಿದರು. ಒಳಗಿನಿಂದ ಸೊಸೆ ಬಂದು ಮಾವನ ಪಕ್ಕದಲ್ಲಿ ನಿಂತಳು. ಅವಳಿಗೆ ಯಾವಾಗಲೋ ಗೊತ್ತಿತ್ತು ಅಂತ ಆಮೇಲೆ ತಿಳಿಯಿತು. ಅಮ್ಮನಿಗೆ ಬೇಜಾರಾಗಬಾರದೆಂದು ಅವಳೂ ಹಡಗನ್ನು ತೇಲಿಸುತ್ತಿದ್ದಳಂತೆ.

ಅಜ್ಜಿ ಕಾಜಾ ಅಣ್ಣನ ಕಡೆ ತಿರುಗಿದಳು. “ಮತ್ತೆ ವಾಂತಿ ವಿಷಯ?” ಅಂದಳು.

“ಅದು ನಿಜಾನೇ ಅಮ್ಮ. ಮೊದಲ ವರ್ಷ ಬರ್ತಿತ್ತು.”

ಅಜ್ಜಿ ಕಾಫಿ ಮುಟ್ಟದೆ ಇಳಿದು ಹೋದಳು. ಎಲ್ಲರೂ ತಬ್ಬಿಕೊಂಡು ಅತ್ತರು ಎಂದು ಬರೆಯಲು ನನಗೂ ಆಸೆ, ಆದರೆ ಹಾಗಾಗಲಿಲ್ಲ. ಎರಡು ವಾರ ಅಜ್ಜಿ ಮಾತಾಡಲಿಲ್ಲ. ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡುತ್ತಿದ್ದಳು. ತಂಗಿ ನಲ್ಲಿಯ ಹತ್ತಿರ ಹೋಗುವ ಹೊತ್ತನ್ನೇ ಬದಲಾಯಿಸಿಕೊಂಡಳು. ಕಾಜಾ ಅಣ್ಣ ನನ್ನ ಜೊತೆ ಮೂರು ದಿನ ಮಾತು ಬಿಟ್ಟ. ನಾಲ್ಕನೇ ದಿನ ಮುಗಿದ ಅಂಗಿ ತಂದು ನನ್ನ ಮೇಜಿನ ಮೇಲೆ ಹಾಕಿ, “ಇನ್ಮೇಲೆ ಖಾಲಿ ಇರೋ ಜಾಗ ಖಾಲಿ ಬಿಡು,” ಅಂದ. ಎಲ್ಲ ಗುಂಡಿಗೂ ಐದು ಸುತ್ತು.

ಮತದಾನದ ದಿನ ಬೆಳಗ್ಗೆ ಏಳಕ್ಕೆ ನಾನು ಎದ್ದದ್ದು ನೋಡಿ ಅಮ್ಮ ಜ್ವರವೇನೋ ಎಂದು ಹಣೆ ಮುಟ್ಟಿ ನೋಡಿದಳು. ಹೊಸ ಅಂಗಿ ತೊಟ್ಟು ಶಾಲೆಗೆ ಹೋದೆ. ಕಾಜಾ ಅಣ್ಣ ಅಷ್ಟರಲ್ಲೇ ಸಾಲಿನಲ್ಲಿದ್ದ, ಕೈಯಲ್ಲಿ ಚೀಟಿ. ಅವನ ಮುಂದೆ ತಂಗಿ, ತಂಗಿಯ ಮುಂದೆ ಕೆಳಮನೆ ಅಜ್ಜಿ. ಅಜ್ಜಿ ತಿರುಗಿ ನೋಡಿದಳು.

“ಒಂದೇ ಒಂದು ಮಾತು ಮೊದ್ಲೇ ಹೇಳಿದ್ರೆ,” ಎಂದು ತಂಗಿಗೆ ಹೇಳಿದಳು, “ನಾನು ಬೀದೀಗೆಲ್ಲಾ ಹಡಗಿನ ಕಥೆ ಹೇಳ್ಕೊಂಡು ಮುಖ ಕೆಡಿಸ್ಕೊಳ್ತಿರ್ಲಿಲ್ಲ. ಈಗ ಎಲ್ರೂ ನನ್ನನ್ನೇ ಕೇಳ್ತಾರೆ.” ಆಮೇಲೆ ಕಾಜಾ ಅಣ್ಣನಿಗೆ, “ಬಿಸ್ಲು ಬರ್ತಿದೆ, ನೆರಳಿಗೆ ಬಾರಪ್ಪ,” ಎಂದು ಪಕ್ಕಕ್ಕೆ ಸರಿದಳು. ಅವಳಿಂದ ಆ ದಿನ ಸಿಕ್ಕಿದ್ದು ಅಷ್ಟೇ. ತಂಗಿಗೆ ಅಷ್ಟು ಸಾಕಾಯಿತು ಅನ್ನಿಸುತ್ತದೆ, ಸೆರಗಿನಿಂದ ಮುಖ ಒರೆಸಿಕೊಂಡಳು.

ಒಳಗೆ ಮೇಜಿನ ಹಿಂದೆ ಅದೇ ಟೀಚರ್. ನಾನು ಅಣ್ಣನಿಗಿಂತ ಮುಂಚೆ ನುಗ್ಗಿ ನನ್ನ ಹೆಸರು ಹೇಳಿದೆ. ಅವರು ಪಟ್ಟಿಯಲ್ಲಿ ಬೆರಳಾಡಿಸಿದರು, ಹಿಂದಿನ ಪುಟ ತಿರುವಿದರು, ಮುಂದಿನ ಪುಟ ತಿರುವಿದರು.

“ಇಲ್ಲ.”

“ಇರ್ಲೇಬೇಕು ಟೀಚರ್. ನಾನು ಇಲ್ಲೇ ಇರೋದು, ಮೂರು ವರ್ಷದಿಂದ.”

“ಮನೆ ಬದಲಾಯಿಸಿದಾಗ ಅರ್ಜಿ ಕೊಟ್ರಾ?”

ಕೊಟ್ಟಿರಲಿಲ್ಲ. ಊರವರ ಅರ್ಜಿ ತುಂಬಿದ ಮೇಧಾವಿಗೆ ಸ್ವಂತ ಅರ್ಜಿ ನೆನಪಿರಲಿಲ್ಲ. ಟೀಚರ್ ಕನ್ನಡಕದ ಮೇಲಿಂದ ನೋಡಿ, “ಹಡಗು ಬರೆದೋರು ನೀವೇ ಅಲ್ವಾ?” ಅಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಯಾವ ತಪ್ಪೂ ಮಾಡದೆ, ಯಾವ ಶಿಕ್ಷೆಯೂ ಇಲ್ಲದೆ, ಬರೀ ಸೋಮಾರಿತನದಿಂದ ಪಟ್ಟಿಯ ಹೊರಗೆ ಬಿದ್ದವನು ಆ ಕೋಣೆಯಲ್ಲಿ ನಾನೊಬ್ಬನೇ. ಕಾಜಾ ಅಣ್ಣನ ಚೀಲ ಹಿಡಿದುಕೊಂಡು ಹೊರಗೆ ನಿಂತೆ. ಕಿಟಕಿಯಿಂದ ಕಾಣುತ್ತಿತ್ತು.

ಅವನ ಹೆಸರು ಕೂಗಿದರು. ಬೆರಳಿಗೆ ಗುರುತು ಹಾಕಿದರು. ಹಾಳೆ, ಮುದ್ರೆ ತೆಗೆದುಕೊಂಡು ರಟ್ಟಿನ ಮರೆಗೆ ಹೋದ. ಒಂದು ನಿಮಿಷವಾಯಿತು. ಎರಡು ನಿಮಿಷವಾಯಿತು. ಹಿಂದಿದ್ದವನೊಬ್ಬ, “ಒಳಗೆ ಮಲಗಿಬಿಟ್ರಾ ಹೆಂಗೆ?” ಎಂದು ಗೊಣಗಿದ. ಓಟು ಹಾಕಿ ಬಂದು ಬಾಗಿಲ ಬಳಿ ನಿಂತಿದ್ದ ಅಜ್ಜಿ ಅವನಿಗೆ, “ಸುಮ್ನಿರಯ್ಯ, ಮೊದಲ್ನೇ ಸಲ ಅವರದು,” ಎಂದು ಗದರಿದಳು. ಕೊನೆಗೆ ಕಾಜಾ ಅಣ್ಣ ಬಂದು, ಮಡಚಿದ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು, ಪೆಟ್ಟಿಗೆಗೆ ಹಾಕಿದ.

ಹೊರಗೆ ಬಂದು ಚೀಲ ತೆಗೆದುಕೊಂಡ. ಯಾರಿಗೆ ಹಾಕಿದೆ ಎಂದು ನಾನು ಕೇಳಲಿಲ್ಲ. ಕಟಿಂಗ್ ಮಾಸ್ಟರ್ ಮರುದಿನ ಕೇಳಿದ, ಇವನು ಹೇಳಲಿಲ್ಲ.

“ಅಷ್ಟು ಹೊತ್ತು ಏನ್ ಮಾಡ್ತಿದ್ದೆ ಅಣ್ಣ ಒಳಗೆ?”

“ಏನಿಲ್ಲ,” ಅಂದ. “ಬಗ್ಗೋಕೆ ಮುಂಚೆ ಅಂಗಿ ಗುಂಡಿ ಎಣಿಸ್ಕೊಂಡೆ. ಎಲ್ಲಾ ಇದ್ವು.”